ಹಳೆಯ ಷೆವರ್ಲೆ ಸಿ-10 ಪಿಕಪ್‌ಗೆ 383 ಸ್ಟ್ರೋಕರ್ ಎಂಜಿನ್ ಕಟ್ಟುವ ಕ್ರಮ: ಸಮಗ್ರ ಮಾರ್ಗದರ್ಶಿ

1967ರಿಂದ 1972ರವರೆಗಿನ ಮಾದರಿಯಾಗಲಿ, 1973ರಿಂದ 1987ರವರೆಗೆ ಬಂದ ಚೌಕ ಮೈಕಟ್ಟಿನ ಮಾದರಿಯಾಗಲಿ, ಷೆವರ್ಲೆ ಸಿ-10 ಪಿಕಪ್‌ನ ಬಾನೆಟ್ ಎತ್ತಿದರೆ ಹೆಚ್ಚಾಗಿ ಕಾಣಸಿಗುವುದು ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್. 1955ರಲ್ಲಿ 265 ಘನ ಅಂಗುಲದ ಎಂಜಿನ್ನಾಗಿ ಬಂದ ಈ ವಂಶ 1967ರಲ್ಲಿ 350ಕ್ಕೂ, 1970ರಲ್ಲಿ 400ಕ್ಕೂ ಬೆಳೆಯಿತು. ಒಳಗಿನ ಗಾತ್ರ ಹೀಗೆ ಹಿಗ್ಗುತ್ತ ಹೋದರೂ ಮೌಂಟ್ ಕೂರುವ ಜಾಗ, ಗೇರ್‌ಬಾಕ್ಸ್ ಸೇರುವ ಮುಖ ಮತ್ತು ಹೊರಮೈಯ ಮುಖ್ಯ ಅಳತೆಗಳು ಹಾಗೆಯೇ ಉಳಿದವು. ಎಲ್ಲೆಡೆ ಸಿಗುವ 350ರ ಬ್ಲಾಕಿನೊಳಗೆ 400ರ ಉದ್ದ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) ಕೂರಿಸಬಹುದಲ್ಲ ಎಂಬ ಯೋಚನೆ ಗ್ಯಾರೇಜುಗಳಲ್ಲಿ ಹುಟ್ಟಿದ್ದು ಅದರಿಂದಲೇ. ಆ ಯೋಚನೆಯ ಫಲವೇ 383. ಹೀಗೆ ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ನನ್ನೇ ‘ಸ್ಟ್ರೋಕರ್’ ಎನ್ನುತ್ತಾರೆ. ಕಾರ್ಖಾನೆ ಯಾವ ಕಾರಿಗೂ ಕೊಡದ ಈ ಗಾತ್ರವನ್ನು ಮುಂದೆ ಜನರಲ್ ಮೋಟಾರ್ಸ್ ಸಂಸ್ಥೆಯೇ ಟ್ರಕ್‌ಗಳಿಗೆಂದು ಎಚ್‌ಟಿ383 ಎಂಬ ಹೆಸರಿನ ಸಿದ್ಧ ಎಂಜಿನ್ನಾಗಿ ಮಾರಿತು.

ಲೆಕ್ಕ ಸರಳವಾಗಿದೆ. 350ರ ಬೋರ್, ಅಂದರೆ ಸಿಲಿಂಡರಿನ ವ್ಯಾಸ, 4.000 ಅಂಗುಲ, ಸ್ಟ್ರೋಕ್ 3.48 ಅಂಗುಲ. 400ರ ಸ್ಟ್ರೋಕ್ 3.75 ಅಂಗುಲ. ಸವೆದ 350 ಬ್ಲಾಕನ್ನು 0.030 ಅಂಗುಲ ಬೋರ್ ಮಾಡಿಸಿ, ಅದರೊಳಗೆ 3.75 ಅಂಗುಲ ಸ್ಟ್ರೋಕಿನ ಕ್ರ್ಯಾಂಕ್ (ಪಿಸ್ಟನ್‌ಗಳ ಚಲನೆಯನ್ನು ಸುತ್ತಾಗಿಸುವ ಶಾಫ್ಟ್) ಹಾಕಿದರೆ ಒಟ್ಟು ಗಾತ್ರ 382.7 ಘನ ಅಂಗುಲವಾಗುತ್ತದೆ, ಅಂದರೆ ಸುಮಾರು 6,270 ಸಿಸಿ. ಈ 33 ಘನ ಅಂಗುಲಗಳ ಹೆಚ್ಚಳದಲ್ಲಿ ಬೋರ್ ಕೊಡುವುದು ಐದು ಮಾತ್ರ, ಉಳಿದದ್ದೆಲ್ಲ ಸ್ಟ್ರೋಕ್‌ನ ಕೊಡುಗೆ. ಅಷ್ಟೇ ಬಿಗಿಯಾಗಿ ಗಾಳಿ ತುಂಬಿದ ದೊಡ್ಡ ಸಿಲಿಂಡರ್ ಪ್ರತಿ ಸುತ್ತಿಗೂ ಹೆಚ್ಚು ಟಾರ್ಕ್ ಕೊಡುತ್ತದೆ. ಅದೂ ಟ್ರಕ್‌ಗೆ ಬೇಕಾದ 1,500ರಿಂದ 4,500 ಆರ್‌ಪಿಎಂ ನಡುವೆಯೇ ಕೊಡುತ್ತದೆ. ಹೀಗಾಗಿ ಈ ಬರಹದ ಉದ್ದಕ್ಕೂ ಬಿಡಿಭಾಗಗಳ ಆಯ್ಕೆಯನ್ನು ಗರಿಷ್ಠ ಹಾರ್ಸ್‌ಪವರ್‌ನ ಅಂಕಿಗಾಗಿ ಮಾಡಿಲ್ಲ. ಸಾಮಾನು ಹೊತ್ತು, ಟ್ರೇಲರ್ ಎಳೆದು, ಎಲ್ಲೆಡೆ ಸಿಗುವ ಪೆಟ್ರೋಲಿನಲ್ಲಿ ಓಡುವ ಎಂಜಿನ್‌ಗಾಗಿ ಮಾಡಿದೆ. ಹಣ ಇದ್ದವರು ಬಿಡಿಭಾಗಗಳನ್ನು ಒಂದೇ ದಿನದಲ್ಲಿ ತರಿಸಿಕೊಳ್ಳಬಹುದು. ಈ ಎಂಜಿನ್ನಿನ ನಿಜವಾದ ಕೆಲಸ ಇರುವುದು ಅಳತೆಯಲ್ಲಿ.

ಬ್ಲಾಕ್ ಆರಿಸುವುದು

ಬ್ಲಾಕಿನ ಗುರುತಿನ ಸಂಖ್ಯೆ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಸೇರುವ ಅಂಚಿನ ಮೇಲೆ ಚಾಲಕನ ಕಡೆಗೆ ಉಬ್ಬು ಅಕ್ಷರಗಳಲ್ಲಿ ಇರುತ್ತದೆ. ಎಪ್ಪತ್ತರ ದಶಕದ ಟ್ರಕ್‌ಗಳಲ್ಲಿ 3970010 ಎಂಬ ಸಂಖ್ಯೆ ಹೆಚ್ಚಾಗಿ ಕಾಣುತ್ತದೆ. ಅದು 350ರ ಬ್ಲಾಕ್. ಮೇನ್ ಬೇರಿಂಗ್ ಕ್ಯಾಪ್‌ಗೆ ಎರಡು ಬೋಲ್ಟ್ ಇರುವುದು ಸಾಕೇ, ನಾಲ್ಕು ಬೇಕೇ ಎಂಬ ಚರ್ಚೆಗೆ ಕೊನೆಯಿಲ್ಲ. ನಾಲ್ಕು ನೂರು ಹಾರ್ಸ್‌ಪವರ್ ಆಸುಪಾಸಿನ, 5,500 ಆರ್‌ಪಿಎಂ ದಾಟದ ಟ್ರಕ್ ಎಂಜಿನ್‌ಗೆ ಬಿರುಕಿಲ್ಲದ, ನೇರವಾಗಿರುವ ಎರಡು ಬೋಲ್ಟ್‌ನ ಬ್ಲಾಕ್ ಧಾರಾಳವಾಗಿ ಸಾಕು ಎಂಬುದು ನನ್ನ ಅಭಿಪ್ರಾಯ. ನಾಲ್ಕು ಬೋಲ್ಟ್‌ನದೆಂದು ಸವೆದ ಬ್ಲಾಕಿಗೆ ದುಬಾರಿ ಬೆಲೆ ತೆರುವುದಕ್ಕಿಂತ ಆ ಹಣವನ್ನು ಯಂತ್ರದ ಕೆಲಸಕ್ಕೆ ಇಟ್ಟುಕೊಳ್ಳುವುದು ಜಾಣತನ.

ಇದಕ್ಕಿಂತ ಮುಖ್ಯವಾದ ಭೇದ ಹಿಂಬದಿಯ ಆಯಿಲ್ ಸೀಲಿನದು. 1985ರವರೆಗಿನ ಬ್ಲಾಕ್‌ಗಳಲ್ಲಿ ಅದು ಎರಡು ಹೋಳಿನದು, 1986ರಿಂದ ಈಚಿನವುಗಳಲ್ಲಿ ಒಂದೇ ಉಂಗುರ. ಕ್ರ್ಯಾಂಕ್, ಫ್ಲೆಕ್ಸ್‌ಪ್ಲೇಟ್ (ಎಂಜಿನ್ನನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಸೇರಿಸುವ ತಟ್ಟೆ) ಮತ್ತು ಆಯಿಲ್ ಪ್ಯಾನ್ ಮೂರೂ ಈ ಭೇದದ ಮೇಲೆ ನಿಂತಿರುವುದರಿಂದ, ಬ್ಲಾಕ್ ಕೈಗೆ ಬರುವ ಮೊದಲು ಕ್ರ್ಯಾಂಕ್ ಕೊಳ್ಳಬಾರದು. ಆಯಿಲ್ ಅಳೆಯುವ ಕಡ್ಡಿಯೂ 1979ರವರೆಗೆ ಚಾಲಕನ ಕಡೆಗಿದ್ದು ಆಮೇಲೆ ಇನ್ನೊಂದು ಕಡೆಗೆ ಹೋಯಿತು; ಪ್ಯಾನ್ ತರಿಸುವಾಗ ಇದನ್ನೂ ನೋಡಿಕೊಳ್ಳಬೇಕು.

ಎಂಜಿನ್ ಬಿಚ್ಚುವಾಗ ಮೇನ್ ಕ್ಯಾಪ್‌ಗಳಿಗೆ ಅವುಗಳ ಸ್ಥಾನ ಮತ್ತು ದಿಕ್ಕನ್ನು ಗುರುತು ಮಾಡಿಡಬೇಕು, ಏಕೆಂದರೆ ಅವು ಅದಲುಬದಲಾದರೆ ಬೇರಿಂಗ್ ಕೂರುವ ರಂಧ್ರ ಗುಂಡಗಿರುವುದಿಲ್ಲ. ಬ್ಲಾಕನ್ನು ಬಿಸಿ ತೊಟ್ಟಿಯಲ್ಲಿ ತೊಳೆಸಿ, ಬಿರುಕಿಗಾಗಿ ಕಾಂತ ಪರೀಕ್ಷೆ ಮಾಡಿಸಿ, ಸಿಲಿಂಡರ್ ಗೋಡೆಗಳ ದಪ್ಪವನ್ನು ಶಬ್ದತರಂಗದ ಉಪಕರಣದಿಂದ ಅಳೆಸಿದ ಮೇಲೆಯೇ ಮುಂದಿನ ಖರ್ಚಿಗೆ ಕೈಹಾಕಬೇಕು. ಈಗಾಗಲೇ 0.060 ಅಂಗುಲ ಬೋರ್ ಆಗಿರುವ ಬ್ಲಾಕ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಗೋಡೆ ತೆಳುವಾಗಿ ಬಿಸಿಯೇರುವ ಸಾಧ್ಯತೆ ಇರುವುದರಿಂದ, ಭಾರ ಎಳೆಯುವ ಗಾಡಿಗೆ ಅದು ಬೇಡ.

ಕ್ರ್ಯಾಂಕ್, ರಾಡ್ ಮತ್ತು ಪಿಸ್ಟನ್

ಹಿಂದಿನ ಕಾಲದಲ್ಲಿ 400 ಎಂಜಿನ್ನಿನ ಕ್ರ್ಯಾಂಕನ್ನೇ ತಂದು, 2.65 ಅಂಗುಲವಿದ್ದ, ಬೇರಿಂಗ್ ಮೇಲೆ ತಿರುಗುವ ಅದರ ಮೇನ್ ಜರ್ನಲ್‌ಗಳನ್ನು 350ಕ್ಕೆ ಒಪ್ಪುವ 2.45 ಅಂಗುಲಕ್ಕೆ ಲೇತಿನಲ್ಲಿ ಇಳಿಸುತ್ತಿದ್ದರು. ಈಗ ಆ ಪಾಡು ಬೇಕಿಲ್ಲ, 2.45 ಅಂಗುಲ ಜರ್ನಲ್‌ನ 3.75 ಸ್ಟ್ರೋಕ್ ಕ್ರ್ಯಾಂಕ್‌ಗಳು ಹೊಸದಾಗಿಯೇ ಸಿಗುತ್ತವೆ. ಎರಕದ ಉಕ್ಕಿನ ಕ್ರ್ಯಾಂಕ್ ಈ ಬಗೆಯ ಎಂಜಿನ್‌ಗೆ ಸಾಕು. ನೈಟ್ರಸ್ ಅಥವಾ ಸೂಪರ್‌ಚಾರ್ಜರ್ ಆಸೆ ಮನಸ್ಸಿನ ಮೂಲೆಯಲ್ಲಿದ್ದರೆ ಮಾತ್ರ ಫೋರ್ಜ್ ಮಾಡಿದ 4340 ಉಕ್ಕಿನದನ್ನು ಈಗಲೇ ಹಾಕುವುದು ಒಳಿತು.

ಕನೆಕ್ಟಿಂಗ್ ರಾಡ್ ವಿಚಾರದಲ್ಲಿ ಎರಡು ದಾರಿಗಳಿವೆ. 5.7 ಅಂಗುಲದ ರಾಡ್ 350ರ ಮೂಲ ಉದ್ದದ್ದೇ. ಅದರೊಂದಿಗೆ, ಪಿಸ್ಟನ್ನನ್ನು ರಾಡ್‌ಗೆ ಸೇರಿಸುವ ಗಜನ್ ಪಿನ್‌ನಿಂದ ತಲೆಯವರೆಗೆ 1.425 ಅಂಗುಲ ಎತ್ತರದ ಪಿಸ್ಟನ್ ಬೇಕು. 6 ಅಂಗುಲದ ರಾಡ್ ಹಾಕಿದರೆ ಆ ಎತ್ತರ 1.125ಕ್ಕೆ ಇಳಿದು, ಪಿನ್ನಿನ ರಂಧ್ರ ಆಯಿಲ್ ರಿಂಗಿನ ತೋಡಿನೊಳಕ್ಕೆ ನುಗ್ಗುತ್ತದೆ, ಆಗ ರಿಂಗಿನ ಕೆಳಗೆ ಆಸರೆಯ ಪಟ್ಟಿಯೊಂದನ್ನು ಕೂರಿಸಬೇಕಾಗುತ್ತದೆ. ಉದ್ದ ರಾಡ್‌ನಿಂದ ಪಿಸ್ಟನ್ ಸಿಲಿಂಡರ್ ಗೋಡೆಗೆ ಒತ್ತುವುದು ಕಡಿಮೆಯಾಗುತ್ತದೆ, ಪಿಸ್ಟನ್ ಹಗುರವಾಗುತ್ತದೆ ಎಂಬುದು ನಿಜ. ರಾಡ್ ಉದ್ದವನ್ನು ಸ್ಟ್ರೋಕಿನಿಂದ ಭಾಗಿಸಿದರೆ 5.7ಕ್ಕೆ 1.52, 6 ಅಂಗುಲಕ್ಕೆ 1.60 ಬರುತ್ತದೆ, ಮೂಲ 350ರಲ್ಲಿ ಅದು 1.64 ಇತ್ತು. ಇಷ್ಟಾದರೂ ವರ್ಷಗಟ್ಟಲೆ ಆಯಿಲ್ ಕುಡಿಯದೆ ಓಡಬೇಕಾದ ಟ್ರಕ್‌ಗೆ, ಪಿನ್ ಮತ್ತು ರಿಂಗ್ ತಮ್ಮ ತಮ್ಮ ಜಾಗದಲ್ಲಿ ನೆಮ್ಮದಿಯಾಗಿರುವ 5.7 ಅಂಗುಲದ ಜೋಡಣೆಯೇ ನನ್ನ ಆಯ್ಕೆ. ರಾಡ್ ಮಾತ್ರ ‘ಸ್ಟ್ರೋಕರ್ ಕ್ಲಿಯರೆನ್ಸ್’ ಇರುವಂಥದ್ದಾಗಿರಲಿ, ಅಂದರೆ ಅದರ ಭುಜ ಮತ್ತು ಬೋಲ್ಟ್ ತಲೆ ಗಿಡ್ಡವಾಗಿರಲಿ. ಇದರ ಕಾರಣ ಮುಂದಿನ ಹಂತದಲ್ಲಿ ಕಣ್ಣಿಗೆ ಬೀಳುತ್ತದೆ.

ಬ್ಯಾಲೆನ್ಸ್ ಬಗ್ಗೆಯೂ ಮೊದಲೇ ತೀರ್ಮಾನಿಸಬೇಕು. ಕಾರ್ಖಾನೆಯ 400 ಎಂಜಿನ್ ಹೊರಗಿನ ತೂಕದಿಂದ ಬ್ಯಾಲೆನ್ಸ್ ಆಗುತ್ತಿತ್ತು, ಮುಂದಿನ ಡ್ಯಾಂಪರ್ (ಕ್ರ್ಯಾಂಕ್ ತುದಿಯಲ್ಲಿ ಕಂಪನ ತಗ್ಗಿಸುವ ಚಕ್ರ) ಮತ್ತು ಹಿಂದಿನ ಫ್ಲೆಕ್ಸ್‌ಪ್ಲೇಟ್ ಎರಡರಲ್ಲೂ ಹೆಚ್ಚುವರಿ ತೂಕ ಇರುತ್ತಿತ್ತು. ಒಳಗಿನಿಂದಲೇ ಬ್ಯಾಲೆನ್ಸ್ ಮಾಡಿದ ಕ್ರ್ಯಾಂಕ್ ಸ್ವಲ್ಪ ದುಬಾರಿಯಾದರೂ, ಮುಂದೆ ಯಾರಾದರೂ ಡ್ಯಾಂಪರ್ ಬದಲಿಸುವಾಗ ತಪ್ಪು ತೂಕದ್ದನ್ನು ಹಾಕಿ ಎಂಜಿನ್ ನಡುಗಿಸುವ ಅಪಾಯ ಅದರಲ್ಲಿಲ್ಲ. ಯಾವ ಬಗೆಯಾದರೂ ಸರಿ, ಪಿಸ್ಟನ್, ಪಿನ್, ರಿಂಗ್, ರಾಡ್, ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ಯಂತ್ರದ ಅಂಗಡಿಗೆ ಒಯ್ದು ತೂಗಿಸಿಯೇ ಕ್ರ್ಯಾಂಕ್ ಬ್ಯಾಲೆನ್ಸ್ ಮಾಡಿಸಬೇಕು. ‘ಬ್ಯಾಲೆನ್ಸ್ ಆಗಿಯೇ ಬಂದಿದೆ’ ಎಂಬ ಪೆಟ್ಟಿಗೆಯ ಮೇಲಿನ ಚೀಟಿಯನ್ನು ನಂಬಿ ಕೂರಬಾರದು.

ಒಣ ಜೋಡಣೆ ಮತ್ತು ಉಜ್ಜುವಿಕೆ

ಸಾಮಾನ್ಯ ಓವರ್‌ಹಾಲ್‌ಗೂ ಸ್ಟ್ರೋಕರ್‌ಗೂ ಇರುವ ವ್ಯತ್ಯಾಸವೆಲ್ಲ ಈ ಹಂತದಲ್ಲಿದೆ. ಸ್ಟ್ರೋಕ್ 0.27 ಅಂಗುಲ ಹೆಚ್ಚಾಯಿತೆಂದರೆ ರಾಡ್‌ನ ದೊಡ್ಡ ತುದಿ ಕ್ರ್ಯಾಂಕ್ ಮಧ್ಯದಿಂದ 0.135 ಅಂಗುಲ ಹೆಚ್ಚು ದೂರಕ್ಕೆ ಬೀಸುತ್ತದೆ ಎಂದರ್ಥ. ಮೂರೂವರೆ ಮಿಲಿಮೀಟರ್‌ಗೂ ಕಡಿಮೆಯ ಈ ದೂರ 350ರ ಬ್ಲಾಕಿನೊಳಗೆ ಇಲ್ಲ. ಆದ್ದರಿಂದ ಬೋರ್ ಮತ್ತು ಹೋನಿಂಗ್‌ಗೆ (ಸಿಲಿಂಡರ್ ಗೋಡೆಯನ್ನು ಕಲ್ಲಿನಿಂದ ನಯಗೊಳಿಸಲು) ಕೊಡುವ ಮೊದಲೇ, ಹಳೆಯ ಬೇರಿಂಗ್‌ಗಳನ್ನಾದರೂ ಹಾಕಿ, ರಿಂಗ್ ಇಲ್ಲದ ಒಂದು ಪಿಸ್ಟನ್ ಮತ್ತು ರಾಡ್ ಅನ್ನು ಒಂದೊಂದೇ ಸಿಲಿಂಡರಿಗೆ ಇಳಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಬೋರ್ ಆಗದ ಸಿಲಿಂಡರಿನಲ್ಲಿ ಹೊಸ ಪಿಸ್ಟನ್ ಇಳಿಯುವುದಿಲ್ಲವಾದ್ದರಿಂದ, ಈ ಪರೀಕ್ಷೆಗೆ 4.000 ಅಂಗುಲದ ಹಳೆಯ ಪಿಸ್ಟನ್ ಒಂದನ್ನು ಇಟ್ಟುಕೊಂಡಿದ್ದರೆ ಅನುಕೂಲ. ಅದು ಡೆಕ್‌ನಿಂದ (ಬ್ಲಾಕಿನಲ್ಲಿ ಹೆಡ್ ಕೂರುವ ಸಮತಟ್ಟು ಮುಖದಿಂದ) ಸ್ವಲ್ಪ ಮೇಲೆ ಬಂದರೂ ಇಲ್ಲಿ ತೊಂದರೆಯಿಲ್ಲ, ಹೆಡ್ ಇನ್ನೂ ಕೂತಿರುವುದಿಲ್ಲ.

ಮೊದಲು ತಗಲುವ ಜಾಗ ಆಯಿಲ್ ಪ್ಯಾನ್ ಕೂರುವ ಅಂಚಿನ ಒಳಮೈ. ರಾಡ್ ಬೋಲ್ಟಿನ ತಲೆ ಅಲ್ಲಿಗೆ ಸಮೀಪಿಸುತ್ತಿದ್ದಂತೆ ಕ್ರ್ಯಾಂಕ್ ತಿರುಗುವುದು ಬಿಗಿಯಾಗಿ, ಕೊನೆಗೆ ಟಕ್ಕೆಂದು ನಿಲ್ಲುತ್ತದೆ. ಎರಡನೆಯದು ಸಿಲಿಂಡರಿನ ಕೆಳ ತುದಿಯ ಅಂಚು. ಈ ಎರಡು ಕಡೆಯೂ ನೀಲಿ ಗುರುತು ಬಣ್ಣ ಬಳಿದು, ತಗಲಿದ ಕಡೆ ಬಣ್ಣ ಹೋಗುವುದನ್ನು ನೋಡಿ, ಅಷ್ಟು ಭಾಗವನ್ನು ಮಾತ್ರ ಕಾರ್ಬೈಡ್ ಬರ್ ಹಾಕಿದ ಡೈ ಗ್ರೈಂಡರಿನಿಂದ ಉಜ್ಜಬೇಕು. ಉಳಿಯಬೇಕಾದ ಅಂತರ ಕನಿಷ್ಠ 0.060 ಅಂಗುಲ. ಇದನ್ನು ಪರೀಕ್ಷಿಸಲು 1/16 ಅಂಗುಲದ ಡ್ರಿಲ್ ಬಿಟ್‌ನ ಹಿಂಬದಿಯ ನಯವಾದ ಕಡ್ಡಿಗಿಂತ ಒಳ್ಳೆಯ ಸಾಧನ ಬೇರೆ ಬೇಕಿಲ್ಲ, ಏಕೆಂದರೆ ಅದರ ದಪ್ಪ 0.0625 ಅಂಗುಲ. ಬೋಲ್ಟಿಗೂ ಬ್ಲಾಕಿಗೂ ನಡುವೆ ಅದು ಸಲೀಸಾಗಿ ಜಾರಿದರೆ ಆ ಸಿಲಿಂಡರಿನ ಕೆಲಸ ಮುಗಿಯಿತು. ಎಂಟೂ ಸಿಲಿಂಡರುಗಳಲ್ಲಿ ಬೇರೆಬೇರೆಯಾಗಿಯೇ ನೋಡಬೇಕು. ಎರಕದ ಬ್ಲಾಕಿನಲ್ಲಿ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ. ಆತುರದಲ್ಲಿ ಹೆಚ್ಚು ಉಜ್ಜಿದರೆ ಸಿಲಿಂಡರಿನ ಕೆಳಗಡೆ ನೀರಿನ ಕೋಣೆಗೆ ತೂತು ಬಿದ್ದು ಇಡೀ ಬ್ಲಾಕ್ ಗುಜರಿಗೆ ಹೋಗಬಹುದು. ಹೀಗಾಗಿ ಸ್ವಲ್ಪ ಉಜ್ಜುವುದು, ತಿರುಗಿಸಿ ನೋಡುವುದು, ಮತ್ತೆ ಸ್ವಲ್ಪ ಉಜ್ಜುವುದು ಎಂಬ ಕ್ರಮವನ್ನು ಬಿಡಬಾರದು.

ಮೂರನೆಯ ಜಾಗ ಹೊರಗೆ ಕಾಣುವುದಿಲ್ಲ, ಆದ್ದರಿಂದಲೇ ಹೆಚ್ಚು ಅಪಾಯಕಾರಿ. ರಾಡ್‌ನ ಭುಜ ಮೇಲೇರುವಾಗ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಉಬ್ಬುಗಳ ಹತ್ತಿರಕ್ಕೆ ಬರುತ್ತದೆ. ಇಲ್ಲಿ ಅಂತರ ಎಷ್ಟಿದೆ ಎಂಬುದು ಕ್ಯಾಮ್ ಯಾವುದು ಮತ್ತು ಅದನ್ನು ಎಷ್ಟು ಡಿಗ್ರಿಗೆ ಕೂರಿಸಿದೆ ಎಂಬುದನ್ನು ಅವಲಂಬಿಸಿರುವುದರಿಂದ, ಎಂಜಿನ್‌ಗೆ ಹಾಕಲಿರುವ ಅದೇ ಕ್ಯಾಮನ್ನು ಟೈಮಿಂಗ್ ಚೈನಿನ ಸಮೇತ ಜೋಡಿಸಿಯೇ ನೋಡಬೇಕು. ಕ್ಯಾಮ್ ಒಂದು ಸುತ್ತು ಮುಗಿಸಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕಾದ್ದರಿಂದ ಒಂದು ಸುತ್ತಿಗೇ ಪರೀಕ್ಷೆ ನಿಲ್ಲಿಸುವಂತಿಲ್ಲ. ಇಲ್ಲಿ 0.050 ಅಂಗುಲಕ್ಕಿಂತ ಕಡಿಮೆ ಉಳಿದರೆ ರಾಡ್‌ನ ಭುಜವನ್ನು ಸ್ವಲ್ಪ ತಿದ್ದಿಸಬೇಕು, ಇಲ್ಲವೇ ಬುಡದ ವೃತ್ತ ಕಿರಿದಾಗಿರುವ ಕ್ಯಾಮ್ ತರಿಸಬೇಕು. ರಾಡ್ ತಿದ್ದಿದರೆ ತೂಕ ಬದಲಾಗುತ್ತದೆ. ಆದ್ದರಿಂದ ಬ್ಯಾಲೆನ್ಸ್ ಮಾಡಿಸುವುದು ಇದೆಲ್ಲ ಮುಗಿದ ನಂತರವೇ.

ಯಂತ್ರದ ಅಂಗಡಿಯಲ್ಲಿ

ಉಜ್ಜಿದ ಬ್ಲಾಕ್ ಈಗ ಯಂತ್ರದ ಅಂಗಡಿಗೆ ಹೋಗುತ್ತದೆ. ಪಿಸ್ಟನ್‌ಗಳನ್ನು ಜೊತೆಗೆ ಕೊಡದೆ ಬೋರ್ ಮಾಡಿಸಬಾರದು, ಏಕೆಂದರೆ ಪಿಸ್ಟನ್ನಿಗೂ ಗೋಡೆಗೂ ಬಿಡಬೇಕಾದ ಅಂತರ ಲೋಹವನ್ನು ಅವಲಂಬಿಸಿದೆ. ಸಿಲಿಕಾನ್ ಹೆಚ್ಚಿರುವ ಎರಕದ ಪಿಸ್ಟನ್‌ಗೆ ಒಂದೂವರೆಯಿಂದ ಎರಡು ಥೌ ಸಾಕಾದರೆ, 2618 ಮಿಶ್ರಲೋಹದ ಫೋರ್ಜ್ ಪಿಸ್ಟನ್‌ಗೆ ನಾಲ್ಕು ಥೌ ಅಥವಾ ಹೆಚ್ಚು ಬೇಕಾಗುತ್ತದೆ. ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಭಾಗ. ತಯಾರಕರು ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟ ಅಳತೆಯೇ ಅಂತಿಮ. ಹೋನಿಂಗ್ ಮಾಡುವಾಗ ಡೆಕ್ ಮೇಲೆ ದಪ್ಪ ಟಾರ್ಕ್ ಪ್ಲೇಟ್ ಬಿಗಿದಿರಬೇಕೆಂದು ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹೆಡ್ ಬೋಲ್ಟ್‌ಗಳು ಬಿಗಿದಾಗ ಸಿಲಿಂಡರ್ ಎಷ್ಟು ಸೊಟ್ಟಗಾಗುವುದೋ ಅಷ್ಟನ್ನು ಆ ಪ್ಲೇಟ್ ಮೊದಲೇ ತೋರಿಸಿಕೊಡುತ್ತದೆ. ಮೇನ್ ಬೇರಿಂಗ್‌ನ ಸಾಲು ನೇರವಾಗಿದೆಯೇ ಎಂದು ನೋಡಿಸಿ, ಹೊಸ ಸ್ಟಡ್ ಹಾಕುವುದಾದರೆ ಆ ಸ್ಟಡ್‌ಗಳನ್ನೇ ಬಿಗಿದು ಸಾಲು ಹೋನಿಂಗ್ ಮಾಡಿಸಬೇಕು.

ಡೆಕ್ ತೆಗೆಸುವ, ಅಂದರೆ ಆ ಮುಖವನ್ನು ಯಂತ್ರದಲ್ಲಿ ತೆಳುವಾಗಿ ಕೆರೆಸುವ ನಿರ್ಧಾರ ಕಂಪ್ರೆಷನ್ (ಸಿಲಿಂಡರಿನ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಎಂಬ ಅನುಪಾತ) ಲೆಕ್ಕಕ್ಕೆ ಅಂಟಿಕೊಂಡಿದೆ. ಬ್ಲಾಕಿನ ಮೂಲ ಎತ್ತರ 9.025 ಅಂಗುಲ, 5.7 ರಾಡ್ ಮತ್ತು 1.425 ಪಿಸ್ಟನ್ ಹಾಕಿದಾಗ ಪಿಸ್ಟನ್ ತಲೆ ಡೆಕ್‌ಗಿಂತ 0.025 ಅಂಗುಲ ಕೆಳಗೆ ನಿಲ್ಲುತ್ತದೆ. ಅದಕ್ಕೆ 0.040 ಅಂಗುಲದ ಹೆಡ್ ಗ್ಯಾಸ್ಕೆಟ್ ಸೇರಿದರೆ ಪಿಸ್ಟನ್ನಿಗೂ ಹೆಡ್‌ಗೂ 0.065 ಅಂಗುಲ ಅಂತರ ಉಳಿಯುತ್ತದೆ. ಡೆಕ್ ತೆಗೆಸಿ ಇದನ್ನು 0.040ಕ್ಕೆ ತಂದರೆ, ಪಿಸ್ಟನ್ ಮೇಲೆ ಬಂದಾಗ ಮಿಶ್ರಣ ಸ್ಪಾರ್ಕ್ ಪ್ಲಗ್ ಕಡೆಗೆ ರಭಸದಿಂದ ತಳ್ಳಿಸಿಕೊಂಡು ಚೆನ್ನಾಗಿ ಕಲಸುತ್ತದೆ, ಎಂಜಿನ್ ಕಟಕಟ ಹೊಡೆಯುವುದು ಕಡಿಮೆಯಾಗುತ್ತದೆ.

ಈಗ ಲೆಕ್ಕ. ಒಂದು ಸಿಲಿಂಡರಿನ ಗಾತ್ರ 784 ಸಿಸಿ. ಡೆಕ್ ಸೊನ್ನೆಗೆ ಬಂದಿದೆ, 4.100 ಅಂಗುಲ ಬೋರಿನ, 0.040 ದಪ್ಪದ ಗ್ಯಾಸ್ಕೆಟ್ 8.7 ಸಿಸಿ ಹಿಡಿಯುತ್ತದೆ ಎಂದುಕೊಳ್ಳೋಣ. 64 ಸಿಸಿ ಕೋಣೆಯ ಹೆಡ್ ಮತ್ತು ವಾಲ್ವ್‌ಗಾಗಿ 5 ಸಿಸಿ ಕೊರೆದ ಚಪ್ಪಟೆ ಪಿಸ್ಟನ್ ಹಾಕಿದರೆ ಕಂಪ್ರೆಷನ್ 11.1ಕ್ಕೆ 1 ಆಗಿಬಿಡುತ್ತದೆ. ಬಂಕ್ ಪೆಟ್ರೋಲಿನಲ್ಲಿ, ಅದೂ ಕಬ್ಬಿಣದ ಹೆಡ್‌ನಲ್ಲಿ ಇದು ಓಡದು. ಅದೇ ಹೆಡ್‌ಗೆ 18 ಸಿಸಿ ತಗ್ಗಿರುವ ಪಿಸ್ಟನ್ ಹಾಕಿದರೆ 9.6, 22 ಸಿಸಿ ತಗ್ಗಿನದಾದರೆ 9.3. ಕಬ್ಬಿಣದ ಹೆಡ್‌ಗೆ 9.3ರಿಂದ 9.6, ಅಲ್ಯೂಮಿನಿಯಂ ಹೆಡ್‌ಗೆ 10ರ ಆಸುಪಾಸು ಎಂಬುದು ಭಾರ ಎಳೆಯುವ ಗಾಡಿಗೆ ಸುರಕ್ಷಿತ ಮಿತಿ. 350ಕ್ಕೆ ಹೊಂದುತ್ತಿದ್ದ ಪಿಸ್ಟನ್ ಮತ್ತು ಹೆಡ್‌ನ ಜೋಡಿಯನ್ನು 383ರಲ್ಲಿ ಹಾಗೆಯೇ ಬಳಸಿದವರಿಗೆ ಕಂಪ್ರೆಷನ್ ಏರಿಬಿಡುವುದು ಸ್ಟ್ರೋಕ್‌ನಿಂದಲೇ.

ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲಿ ಒಂದನ್ನು ಗಮನಿಸಬೇಕು. ಅಲ್ಲಿನ ಬಂಕಿನ ಮೇಲೆ ಬರೆದಿರುವ 87, 91, 93 ಎಂಬ ಆಕ್ಟೇನ್ ಸಂಖ್ಯೆಗಳು ಎರಡು ಪರೀಕ್ಷೆಗಳ ಸರಾಸರಿ. ಭಾರತದಲ್ಲಿ ಹೇಳುವ 91 ಆ ಎರಡರಲ್ಲಿ ಒಂದಾದ ಸಂಶೋಧನಾ ವಿಧಾನದ್ದು. ಅದು ಅಲ್ಲಿನ 87ಕ್ಕೆ ಹೆಚ್ಚುಕಡಿಮೆ ಸಮ. ಊರಿನಲ್ಲಿ ಕೇಳಿದ ಸಂಖ್ಯೆಯನ್ನು ಅಲ್ಲಿನ ಕಂಪ್ರೆಷನ್ ಪಟ್ಟಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಹೆಡ್, ಕ್ಯಾಮ್ ಮತ್ತು ಉಸಿರಾಟ

ಹೆಚ್ಚು ಖರ್ಚಿಲ್ಲದೆ ಒಳ್ಳೆಯ ಗಾಳಿಹರಿವು ಬೇಕೆಂದರೆ 1996ರಿಂದ 2000ದವರೆಗಿನ ಜಿಎಂ ಟ್ರಕ್‌ಗಳ 350 ಎಂಜಿನ್ನಿನಲ್ಲಿದ್ದ ‘ವೋರ್ಟೆಕ್’ ಕಬ್ಬಿಣದ ಹೆಡ್‌ಗಳನ್ನು ಹುಡುಕಬಹುದು. ಗುರುತಿನ ಸಂಖ್ಯೆ 906 ಅಥವಾ 062ರಿಂದ ಕೊನೆಯಾಗುತ್ತದೆ, ಕೋಣೆ 64 ಸಿಸಿ. ಇವುಗಳಿಗೆ ಇವುಗಳದ್ದೇ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು, ಬೋಲ್ಟ್ ಇರುವ ಜಾಗವೇ ಬೇರೆ. ವಾಲ್ವ್ ಸೀಟುಗಳ ನಡುವೆ ಬಿರುಕು ಬಿಡುವ ಚಾಳಿ ಇವಕ್ಕಿರುವುದರಿಂದ ಪರೀಕ್ಷೆ ಮಾಡಿಸದೆ ಹಣ ಕೊಡಬಾರದು. ವಾಲ್ವ್ ಗೈಡ್‌ನ ತುದಿಯನ್ನು ಇಳಿಸಿ ಹೊಸ ಸ್ಪ್ರಿಂಗ್ ಹಾಕಿಸದಿದ್ದರೆ 0.450 ಅಂಗುಲಕ್ಕಿಂತ ಹೆಚ್ಚು ಎತ್ತುವ ಕ್ಯಾಮ್‌ಗೆ ಇವು ಒಗ್ಗುವುದಿಲ್ಲ. ಹೆಚ್ಚು ಹಣ ಇದ್ದರೆ 180ರಿಂದ 195 ಸಿಸಿ ಇನ್‌ಟೇಕ್ ದಾರಿಯ ಅಲ್ಯೂಮಿನಿಯಂ ಹೆಡ್ ಸೂಕ್ತ. ಅದಕ್ಕಿಂತ ದೊಡ್ಡ ದಾರಿ ಕಡಿಮೆ ಆರ್‌ಪಿಎಂನಲ್ಲಿ ಗಾಳಿಯ ವೇಗವನ್ನು ಕೊಂದು, ಯಾವುದಕ್ಕಾಗಿ ಸ್ಟ್ರೋಕ್ ಹೆಚ್ಚಿಸಿದೆವೋ ಆ ಟಾರ್ಕನ್ನೇ ನುಂಗುತ್ತದೆ.

ಕ್ಯಾಮ್ ವಿಷಯದಲ್ಲೂ ಇದೇ ಸಂಯಮ ಬೇಕು. 0.050 ಅಂಗುಲ ಎತ್ತಿನಲ್ಲಿ ತೆರೆದಿರುವ ಅವಧಿ 215ರಿಂದ 225 ಡಿಗ್ರಿ, ಉಬ್ಬುಗಳ ನಡುವಿನ ಕೋನ 110ರಿಂದ 112 ಡಿಗ್ರಿ ಇರುವ ಹೈಡ್ರಾಲಿಕ್ ಕ್ಯಾಮ್ ಈ ಎಂಜಿನ್‌ಗೆ ಹೊಂದುತ್ತದೆ. ದೊಡ್ಡ ಎಂಜಿನ್ ಕ್ಯಾಮನ್ನು ಸೌಮ್ಯಗೊಳಿಸುವುದರಿಂದ, 350ರಲ್ಲಿ ಒರಟಾಗಿ ನಡುಗುತ್ತಿದ್ದ ಕ್ಯಾಮ್ 383ರಲ್ಲಿ ಸಮಾಧಾನದಿಂದ ಐಡಲ್ ಮಾಡುತ್ತದೆ, ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತವೂ ಉಳಿಯುತ್ತದೆ. ಕ್ಯಾಮ್ ಉಬ್ಬಿನ ಮೇಲೆ ಕೂತು ವಾಲ್ವ್ ಎತ್ತುವ ಟ್ಯಾಪೆಟ್‌ಗಳಲ್ಲಿ ಚಪ್ಪಟೆಯದು ಅಗ್ಗ, ಆದರೆ ಝಿಂಕ್ ಹೆಚ್ಚಿರುವ ಆಯಿಲ್ ಅದಕ್ಕೆ ಅನಿವಾರ್ಯ. ರೋಲರ್ ಟ್ಯಾಪೆಟ್ ದುಬಾರಿಯಾದರೂ ನಿಶ್ಚಿಂತೆ. 1987ಕ್ಕಿಂತ ಹಿಂದಿನ ಬ್ಲಾಕ್‌ನಲ್ಲಿ ಜೋಡಿಜೋಡಿಯಾಗಿ ಪಟ್ಟಿಯಿಂದ ಕಟ್ಟಿದ ರೋಲರ್‌ಗಳನ್ನೇ ಹಾಕಬೇಕಾಗುತ್ತದೆ, ಜೊತೆಗೆ ಉಕ್ಕಿನ ಕ್ಯಾಮ್‌ಗೆ ಒಪ್ಪುವ ಡಿಸ್ಟ್ರಿಬ್ಯೂಟರ್ ಗೇರ್ ಯಾವುದೆಂದು ಕ್ಯಾಮ್ ತಯಾರಕರನ್ನೇ ಕೇಳಿ ಹಾಕಬೇಕು.

ಕಾರ್ಬ್ಯುರೇಟರ್ ದೊಡ್ಡದಾದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಒಂದು ಗುಣಾಕಾರ ಬಿಡಿಸುತ್ತದೆ. ಘನ ಅಂಗುಲವನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ 3,456ರಿಂದ ಭಾಗಿಸಿದರೆ ಬೇಕಾದ ಗಾಳಿ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು ತಿಳಿಯುತ್ತದೆ. 383 ಮತ್ತು 5,500ಕ್ಕೆ ಅದು 610, ಸಿಲಿಂಡರ್ ಶೇ. 85ರಷ್ಟೇ ತುಂಬುತ್ತದೆಂದು ಹಿಡಿದರೆ 520. ನಿರ್ವಾತದಿಂದ ತೆರೆಯುವ ಸೆಕೆಂಡರಿ ಇರುವ 600ರಿಂದ 650ರ ಕಾರ್ಬ್ಯುರೇಟರ್, ಎರಡು ಮಟ್ಟದ ಇನ್‌ಟೇಕ್ ಮ್ಯಾನಿಫೋಲ್ಡ್, 1⅝ ಅಂಗುಲ ಕೊಳವೆಯ ಹೆಡರ್, ಎರಡೂವರೆ ಅಂಗುಲದ ಜೋಡಿ ಸೈಲೆನ್ಸರ್, ಇಷ್ಟು ಸಾಕು.

ಅಂತಿಮ ಜೋಡಣೆ

ಯಂತ್ರದ ಅಂಗಡಿಯವರು ತೊಳೆದು ಕೊಟ್ಟಿದ್ದರೂ ಮನೆಯಲ್ಲಿ ಮತ್ತೆ ಬಿಸಿನೀರು ಮತ್ತು ಸೋಪಿನಿಂದ, ಆಯಿಲ್ ದಾರಿಗಳಿಗೆ ಉದ್ದ ಬ್ರಷ್ ಹಾಕಿ ತೊಳೆಯಬೇಕು. ಆಮೇಲೆ ಆಯಿಲ್ ಸವರಿದ ಬಿಳಿ ಬಟ್ಟೆಯಿಂದ ಸಿಲಿಂಡರನ್ನು ಒರೆಸಿದಾಗ ಬಟ್ಟೆ ಬೂದುಬಣ್ಣಕ್ಕೆ ತಿರುಗಿದರೆ ಹೋನಿಂಗ್ ಕಲ್ಲಿನ ಪುಡಿ ಇನ್ನೂ ಇದೆಯೆಂದರ್ಥ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ತೊಳೆಯುವುದನ್ನು ನಿಲ್ಲಿಸಬಾರದು. ಹಿಂದಿನ ಮೇನ್ ಕ್ಯಾಪ್ ಅಡಿಯ ಆಯಿಲ್ ದಾರಿಯಲ್ಲಿ ಒಂದು ಸಣ್ಣ ಪ್ಲಗ್ ಇರುತ್ತದೆ. ತೊಳೆಯಲು ಅದನ್ನು ತೆಗೆದವರು ಮತ್ತೆ ಹಾಕಲು ಮರೆತರೆ ಆಯಿಲ್ ಫಿಲ್ಟರನ್ನು ತಪ್ಪಿಸಿ ಹರಿಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ಟೈಮಿಂಗ್ ಕವರ್ ಹಿಂದಿನ ಮೂರು ಪ್ಲಗ್‌ಗಳನ್ನೂ ಎಣಿಸಿ ನೋಡಬೇಕು.

ಬೇರಿಂಗ್ ಅಂತರಕ್ಕೆ ಜರ್ನಲ್‌ನ ಪ್ರತಿ ಅಂಗುಲ ವ್ಯಾಸಕ್ಕೆ ಒಂದು ಥೌ ಎಂಬ ಹಳೆಯ ಸೂತ್ರ ಇಲ್ಲಿಯೂ ನಡೆಯುತ್ತದೆ: 2.45 ಅಂಗುಲದ ಮೇನ್‌ಗೂ 2.10 ಅಂಗುಲದ ರಾಡ್ ಜರ್ನಲ್‌ಗೂ ಎರಡರಿಂದ ಎರಡೂವರೆ ಥೌ. ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಇಲ್ಲದವರು ಒತ್ತಿದಾಗ ಅಗಲವಾಗಿ ಅಂತರ ತೋರಿಸುವ ಪ್ಲಾಸ್ಟಿಗೇಜ್ ಎಳೆಯಿಂದಲಾದರೂ ನೋಡಬೇಕು. ಕ್ರ್ಯಾಂಕ್‌ನ ಹಿಂದುಮುಂದು ಚಲನೆಯನ್ನು ತಡೆಯುವುದು ಐದನೆಯ ಮೇನ್ ಬೇರಿಂಗ್. ಅದರ ಕ್ಯಾಪ್ ಬಿಗಿಯುವ ಮೊದಲು ಕ್ರ್ಯಾಂಕನ್ನು ಹಿಂದೆ ಮುಂದೆ ಮೆಲ್ಲಗೆ ತಟ್ಟಿ ಎರಡೂ ಮುಖಗಳನ್ನು ಒಂದೇ ಸಮನಾಗಿಸಬೇಕು. ಎರಡು ಹೋಳಿನ ಸೀಲ್ ಆದರೆ ಅದರ ಕೂಡುವ ತುದಿಗಳು ಕ್ಯಾಪ್‌ನ ಕೂಡುಗೆರೆಯ ಮೇಲೆ ಬರದಂತೆ ಕಾಲು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಸರಿಸಿ ಕೂರಿಸಿದರೆ ಆಯಿಲ್ ಜಿನುಗುವುದಿಲ್ಲ. ಎರಡು ಬೋಲ್ಟ್‌ನ ಮೇನ್ ಕ್ಯಾಪ್‌ಗೆ ಕಾರ್ಖಾನೆಯ ಬಿಗಿತ 70 ಅಡಿ-ಪೌಂಡ್, ಹೆಡ್ ಬೋಲ್ಟ್‌ಗೆ 65. ಬೇರೆ ತಯಾರಕರ ಸ್ಟಡ್ ಅಥವಾ ರಾಡ್ ಬೋಲ್ಟ್ ಆದರೆ ಅವರು ಹೇಳಿದ ಗ್ರೀಸ್ ಹಚ್ಚಿ, ಅವರು ಹೇಳಿದ ಅಂಕಿಗೇ ಬಿಗಿಯಬೇಕು.

ಮೇಲಿನ ರಿಂಗಿನ ಬಾಯಂತರ ಬೋರ್‌ನ ಪ್ರತಿ ಅಂಗುಲಕ್ಕೆ ನಾಲ್ಕೂವರೆ ಥೌನಂತೆ ಸುಮಾರು 0.018 ಅಂಗುಲ. ರಿಂಗನ್ನು ಅದರದೇ ಸಿಲಿಂಡರಿಗೆ ಇಳಿಸಿ, ತಲೆಕೆಳಗಾದ ಪಿಸ್ಟನ್‌ನಿಂದ ನೇರ ತಳ್ಳಿ, ಫೀಲರ್ ಗೇಜ್‌ನಿಂದ ಅಳೆದು, ಕಡಿಮೆ ಇದ್ದರೆ ಅರದಿಂದ ಉಜ್ಜಬೇಕು. ರಾಡ್ ಕೂರಿಸುವಾಗ ಅದರ ಅಂಚು ಇಳಿಸಿದ ಮುಖ ಕ್ರ್ಯಾಂಕ್‌ನ ಗೋಡೆಯ ಕಡೆಗೂ, ಪಕ್ಕದ ರಾಡ್‌ಗೆ ತಾಗುವ ಚಪ್ಪಟೆ ಮುಖ ಒಳಕ್ಕೂ ಇರಬೇಕು. ಕ್ಯಾಮನ್ನು ಚುಕ್ಕೆಗೆ ಚುಕ್ಕೆ ಕೂಡಿಸಿ ಬಿಟ್ಟುಬಿಡದೆ, ಡಿಗ್ರಿ ಚಕ್ರ ಮತ್ತು ಡಯಲ್ ಗೇಜ್ ಇಟ್ಟು ತಯಾರಕರ ಚೀಟಿಗೆ ಹೋಲಿಸಬೇಕು. ವಾಲ್ವ್‌ಗೂ ಪಿಸ್ಟನ್ನಿಗೂ ಇನ್‌ಟೇಕ್ ಕಡೆ 0.080, ಎಕ್ಸಾಸ್ಟ್ ಕಡೆ 0.100 ಅಂಗುಲ ಅಂತರ ಇದೆಯೇ ಎಂದು ಪಿಸ್ಟನ್ ಮೇಲೆ ಜೇಡಿಮಣ್ಣಿನ ತುಣುಕಿಟ್ಟು, ಎರಡು ಸುತ್ತು ತಿರುಗಿಸಿ, ಅದನ್ನು ಕೊಯ್ದು ಅಳೆದು ಖಚಿತಪಡಿಸಿಕೊಳ್ಳಬೇಕು. ಒಂದೊಂದು ಹೆಡ್‌ಗೂ ಇರುವ 17 ಬೋಲ್ಟ್‌ಗಳ ತುದಿ ನೀರಿನ ಕೋಣೆಯೊಳಕ್ಕೆ ಹೋಗುವುದರಿಂದ ಎಳೆಗಳಿಗೆ ಸೀಲರ್ ಹಚ್ಚದಿದ್ದರೆ ಕೂಲೆಂಟ್ ಮೇಲೇರಿ ಬರುತ್ತದೆ. ಇನ್‌ಟೇಕ್‌ನ ಹಿಂದು ಮುಂದಿನ ಅಂಚುಗಳಿಗೆ ಪೆಟ್ಟಿಗೆಯಲ್ಲಿ ಬರುವ ರಬ್ಬರ್ ಪಟ್ಟಿಗಳನ್ನು ಎತ್ತಿಟ್ಟು, ದಪ್ಪನೆಯ ಸಿಲಿಕಾನ್ ಗೆರೆ ಎಳೆಯುವುದೇ ಲೇಸು.

ಆಯಿಲ್ ಪ್ಯಾನ್ ಹಾಕುವ ಮುನ್ನ ರಾಡ್‌ಗಳು ಕಡ್ಡಿಯ ಕೊಳವೆಗೆ, ತಗಡಿನ ಅಡ್ಡಗೋಡೆಗೆ ತಾಗುತ್ತವೆಯೇ ಎಂದು ಇನ್ನೊಮ್ಮೆ ತಿರುಗಿಸಿ ನೋಡಬೇಕು. ಆಯಿಲ್ ಹೀರುವ ಜಾಲರಿಗೂ ಪ್ಯಾನ್ ತಳಕ್ಕೂ ⅜ ಅಂಗುಲ ಇರಲಿ. ಬೇರಿಂಗ್ ಅಂತರ ಸರಿಯಾಗಿದ್ದರೆ ಸಾಧಾರಣ ಗಾತ್ರದ ಪಂಪೇ ಸಾಕು.

ಮೊದಲ ಬಾರಿ ಸ್ಟಾರ್ಟ್ ಮಾಡುವುದು

ಡಿಸ್ಟ್ರಿಬ್ಯೂಟರ್ ಹಾಕುವ ಮೊದಲು ಪ್ರೈಮಿಂಗ್ ಕಡ್ಡಿಯನ್ನು ಇಳಿಸಿ, ಡ್ರಿಲ್ ಮೆಷಿನ್ನಿನಿಂದ ಗಡಿಯಾರದ ದಿಕ್ಕಿನಲ್ಲಿ ಪಂಪ್ ತಿರುಗಿಸಬೇಕು. ಆಯಿಲ್ ದಾರಿ ಡಿಸ್ಟ್ರಿಬ್ಯೂಟರ್‌ನ ಮೈಸುತ್ತಲೇ ಹಾದುಹೋಗುವುದರಿಂದ, ಬರೀ ಕಡ್ಡಿಯಲ್ಲದೆ ಹಳೆಯ ಡಿಸ್ಟ್ರಿಬ್ಯೂಟರ್‌ನ ಮೈ ಉಳಿಸಿಕೊಂಡು ಮಾಡಿದ ಸಾಧನವೇ ಬೇಕು. ಇಲ್ಲದಿದ್ದರೆ ಆಯಿಲ್ ಅಲ್ಲಿಯೇ ಸೋರಿ ರಾಕರ್‌ಗಳಿಗೆ (ವಾಲ್ವ್ ಒತ್ತುವ ತೋಳುಗಳಿಗೆ) ಏರುವುದಿಲ್ಲ. ಪಂಪ್ ಒತ್ತಡ ಹಿಡಿದೊಡನೆ ಡ್ರಿಲ್ ಭಾರವಾಗುವುದು ಕೈಗೆ ತಿಳಿಯುತ್ತದೆ. ಕ್ರ್ಯಾಂಕನ್ನು ಆಗಾಗ ಕಾಲು ಸುತ್ತು ತಿರುಗಿಸುತ್ತ, 16 ರಾಕರ್‌ಗಳಿಂದಲೂ ಆಯಿಲ್ ತೊಟ್ಟಿಕ್ಕುವವರೆಗೆ ಇದನ್ನು ಮುಂದುವರಿಸಬೇಕು.

ಪ್ಲಗ್ ವೈರ್‌ಗಳ ಕ್ರಮ 1-8-4-3-6-5-7-2. ಚಪ್ಪಟೆ ಟ್ಯಾಪೆಟ್ ಕ್ಯಾಮ್ ಆಗಿದ್ದರೆ ಎಂಜಿನ್ ಹತ್ತಿಕೊಂಡ ಕ್ಷಣದಿಂದ 20ರಿಂದ 30 ನಿಮಿಷ 2,000ದಿಂದ 2,500 ಆರ್‌ಪಿಎಂ ನಡುವೆ ಏರಿಳಿಸುತ್ತ ಇಡಬೇಕು, ಐಡಲ್‌ಗೆ ಬಿಡಲೇಬಾರದು. ಪೆಟ್ರೋಲ್, ಕೂಲೆಂಟ್, ಟೈಮಿಂಗ್ ಎಲ್ಲ ಮೊದಲೇ ಸಿದ್ಧವಿರಬೇಕಾದ್ದು ಇದಕ್ಕಾಗಿ. ರೋಲರ್ ಕ್ಯಾಮ್‌ಗೆ ಈ ಕಟ್ಟಳೆಯಿಲ್ಲ. ಎಂಜಿನ್ ಬಿಸಿಯಾದ ಮೇಲೆ ಪ್ರತಿ 1,000 ಆರ್‌ಪಿಎಂಗೆ 10 ಪಿಎಸ್‌ಐ ಆಯಿಲ್ ಒತ್ತಡ ಇದ್ದರೆ ಸಮಾಧಾನ. ಒಟ್ಟು ಟೈಮಿಂಗ್ 3,000 ಆರ್‌ಪಿಎಂ ಆಸುಪಾಸಿನಲ್ಲಿ 34ರಿಂದ 36 ಡಿಗ್ರಿಗೆ ಬರುವಂತೆ ಇಟ್ಟು, ಭಾರದಲ್ಲಿ ಏರು ಹತ್ತುವಾಗ ಕಟಕಟ ಸದ್ದು ಬಂದರೆ ಎರಡು ಡಿಗ್ರಿ ಇಳಿಸಬೇಕು. ಮೊದಲ ಅರ್ಧ ಗಂಟೆಯ ನಂತರ ಆಯಿಲ್ ಬದಲಿಸಿ, ಫಿಲ್ಟರನ್ನು ಕತ್ತರಿಸಿ ಬಿಚ್ಚಿ ನೋಡಬೇಕು: ಕೂದಲೆಳೆಯಂಥ ಸಣ್ಣ ಪುಡಿ ಸಹಜ, ಹೊಳೆಯುವ ಚೂರುಗಳು ಕಂಡರೆ ಮುಂದೆ ಓಡಿಸದೆ ಪ್ಯಾನ್ ಇಳಿಸಬೇಕು.

ಗಾಡಿಯ ಕಡೆಯ ಕೆಲಸ

ಹೊಸ ಟಾರ್ಕ್ ಹೊರಬೇಕಾದ್ದು ಹಳೆಯ ಗಾಡಿ. ಸಿ-10ಗೆ ಮುಂದಿನ ಡಿಸ್ಕ್ ಬ್ರೇಕ್ ಸಹಜವಾಗಿ ಬಂದದ್ದು 1971ರಲ್ಲಿ. ಅದಕ್ಕಿಂತ ಹಿಂದಿನ ಗಾಡಿಯಾದರೆ ಎಂಜಿನ್ ಇಳಿಸುವ ಮೊದಲೇ ಡಿಸ್ಕ್‌ಗೆ ಬದಲಿಸುವ ಹಣವನ್ನು ತೆಗೆದಿಡಬೇಕು. ರೇಡಿಯೇಟರ್ ದೊಡ್ಡದಿರಲಿ, ಫ್ಯಾನ್‌ಗೆ ಹೊದಿಕೆ ಇರಲಿ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976 ಮತ್ತು ಅದರ ನಂತರದ ಚೌಕ ಮೈಕಟ್ಟಿನ ಗಾಡಿ ಕೊಂಡವರು ಕ್ಯಾಮ್ ಮತ್ತು ಹೆಡರ್ ಆರಿಸುವ ಮೊದಲೇ ನಿಯಮ ನೋಡಿಕೊಳ್ಳಬೇಕು. ಭಾರತದಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು.

ಗೇರ್‌ಬಾಕ್ಸ್ ಹಳೆಯ ಟರ್ಬೊ ಹೈಡ್ರಾಮ್ಯಾಟಿಕ್ 350 ಆಗಿದ್ದರೆ ಹೊಸ ಕ್ಲಚ್ ತಟ್ಟೆಗಳನ್ನು ಹಾಕಿಸಿ ಬಳಸಬಹುದು. ಹೆದ್ದಾರಿಯಲ್ಲಿ ಹೆಚ್ಚು ಓಡಿಸುವವರಿಗೆ ಓವರ್‌ಡ್ರೈವ್ ಇರುವ 700ಆರ್4 ಲಾಭದಾಯಕ: 28 ಅಂಗುಲ ಎತ್ತರದ ಟೈರ್ ಮತ್ತು 3.73 ಹಿಂದಿನ ಗೇರಿನಲ್ಲಿ ಗಂಟೆಗೆ 60 ಮೈಲಿಗೆ 2,700 ಆರ್‌ಪಿಎಂ ಇದ್ದ ಎಂಜಿನ್ ಅದರ 0.70 ಅನುಪಾತದಿಂದ 1,900ಕ್ಕೆ ಇಳಿಯುತ್ತದೆ, ಅಲ್ಲಿಯೂ 383 ಎಳೆಯಲು ಹಿಂಜರಿಯುವುದಿಲ್ಲ. ಆದರೆ ಈ ಗೇರ್‌ಬಾಕ್ಸ್‌ನ ಒಳ ಒತ್ತಡವನ್ನು ನಿರ್ಧರಿಸುವುದು ಕಾರ್ಬ್ಯುರೇಟರ್‌ನಿಂದ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್. ಥ್ರಾಟಲ್ ಪೂರ್ತಿ ತೆರೆದಾಗ ಕೇಬಲ್ ಕೂಡ ಪೂರ್ತಿ ಎಳೆದಿರುವಂತೆ, ಸರಿಯಾದ ಕೋನದ ಬ್ರಾಕೆಟ್ ಹಾಕಿ ಹೊಂದಿಸದೆ ಗಾಡಿಯನ್ನು ಗೇಟಿನಾಚೆಗೂ ಓಡಿಸಬಾರದು. ಸಡಿಲ ಕೇಬಲ್‌ನೊಂದಿಗೆ ಓಡಿದರೆ ಒತ್ತಡ ಸಾಲದೆ ಅದರ ಕ್ಲಚ್‌ಗಳು ಕೆಲವೇ ಮೈಲಿಗಳಲ್ಲಿ ಸುಟ್ಟುಹೋಗುತ್ತವೆ.